ಸ್ವಂತ ಸರ್ವರಿನ ಮೇಲ್ ಇನ್‌ಬಾಕ್ಸಿಗೆ ತಲುಪಬೇಕಾದರೆ: ಸಣ್ಣ ವ್ಯಾಪಾರಸ್ಥರಿಗೊಂದು ಸಮಗ್ರ ಮಾರ್ಗದರ್ಶಿ

ಶಿರಸಿಯಲ್ಲಿ ಚಾಲಿ ಅಡಿಕೆ ಮತ್ತು ಕಾಳುಮೆಣಸಿನ ವ್ಯವಹಾರ ನಡೆಸುವ ಒಂದು ಸಣ್ಣ ಸಂಸ್ಥೆಯ ಮೇಲ್ ಸರ್ವರನ್ನು ನಾನು ನೋಡಿಕೊಳ್ಳುತ್ತೇನೆ. ಎಂಟು ಜನರ ಕಚೇರಿ ಅದು. ದಿನಕ್ಕೆ ಹೊರಹೋಗುವ ಮೇಲ್‌ಗಳು ಅರವತ್ತೋ ಎಂಬತ್ತೋ, ಅವುಗಳಲ್ಲಿ ಹೆಚ್ಚಿನವು ದರಪಟ್ಟಿ, ಬಿಲ್ಲು ಮತ್ತು ಲಾರಿ ರವಾನೆಯ ವಿವರ. ಸರ್ವರ್ ಸ್ಥಾಪಿಸಿ ಮೊದಲ ಮೇಲ್ ಕಳಿಸಲು ಒಂದು ಮಧ್ಯಾಹ್ನ ಸಾಕಾಯಿತು. ಕಳಿಸಿದ್ದನ್ನು ಎದುರಿನ ಸರ್ವರ್ ನಂಬಿ ಇನ್‌ಬಾಕ್ಸಿನಲ್ಲಿ ಇಡುವಂತೆ ಮಾಡಲು ಮೂರು ವಾರ ಹಿಡಿಯಿತು. ತಂತ್ರಾಂಶ ಹಾಕುವ ಭಾಗವನ್ನು ವಿವರಿಸುವ ಬರಹಗಳಿಗೆ ಕೊರತೆಯಿಲ್ಲವಾದ್ದರಿಂದ, ಇಲ್ಲಿ ಆ ಮೂರು ವಾರದ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಸೆಟ್ಟಿಂಗ್‌ಗಳ, ಕಡತಗಳ ಮತ್ತು ಆದೇಶಗಳ ಹೆಸರನ್ನು ಉಚ್ಚರಿಸುವ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಕಡತದಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆಯಬೇಕು. ಉದಾಹರಣೆಗಾಗಿ ಬಳಸಿರುವ ಡೊಮೈನ್ ಎಕ್ಸಾಂಪಲ್.ಕಾಮ್, ಸರ್ವರಿನ ಹೆಸರು ಮೇಲ್.ಎಕ್ಸಾಂಪಲ್.ಕಾಮ್, ಐಪಿ ವಿಳಾಸ 203.0.113.25. ಇವು ಉದಾಹರಣೆಗೆಂದೇ ಕಾಯ್ದಿರಿಸಿದ ಹೆಸರು ಮತ್ತು ಸಂಖ್ಯೆಗಳು. ಅವುಗಳ ಜಾಗದಲ್ಲಿ ನಿಮ್ಮವನ್ನು ಇಟ್ಟುಕೊಳ್ಳಿ.

ಸರ್ವರ್ ಎಲ್ಲಿರಬೇಕು

ಅಂಗಡಿಯ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇಟ್ಟು ಅದನ್ನೇ ಮೇಲ್ ಸರ್ವರ್ ಮಾಡಬಹುದೇ ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಮಾಡಬಾರದು. ಆಷಾಢದ ಮಳೆಯಲ್ಲಿ ಘಟ್ಟದ ಮೇಲೆ ಮರ ಬಿದ್ದು ಕರೆಂಟೂ ಕೇಬಲ್ಲೂ ಒಟ್ಟಿಗೇ ಹೋಗುವುದು ನಮಗೆ ಹೊಸದಲ್ಲ, ಆದರೆ ನಿಜವಾದ ಅಡ್ಡಿ ಅದಲ್ಲ. ಮನೆ ಮತ್ತು ಅಂಗಡಿಯ ಬ್ರಾಡ್‌ಬ್ಯಾಂಡಿಗೆ ಸಿಗುವ ಐಪಿ ವಿಳಾಸ ಆಗಾಗ ಬದಲಾಗುತ್ತದೆ. ಎಷ್ಟೋ ಕಡೆ ಒಂದೇ ವಿಳಾಸದ ಹಿಂದೆ ನೂರಾರು ಗ್ರಾಹಕರಿರುತ್ತಾರೆ. ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಗಳು ಇಂಥ ವಿಳಾಸಗಳ ಸರಣಿಯನ್ನೇ ‘ಇಲ್ಲಿಂದ ನೇರವಾಗಿ ಮೇಲ್ ಬರಬಾರದು’ ಎಂಬ ಪಟ್ಟಿಯಲ್ಲಿ ಇಟ್ಟಿರುತ್ತವೆ. ಆ ಪಟ್ಟಿಯಲ್ಲಿರುವುದು ನಿಮ್ಮ ತಪ್ಪಿನಿಂದಲ್ಲ, ಆದರೆ ಅಲ್ಲಿಂದ ಹೊರಟ ಮೇಲ್ ಬಾಗಿಲಲ್ಲೇ ವಾಪಸಾಗುತ್ತದೆ.

ಆದ್ದರಿಂದ ಸ್ಥಿರ ಐಪಿ ಇರುವ ಒಂದು ಸಣ್ಣ ವಿಪಿಎಸ್ (ಕಂಪನಿಯೊಂದು ತನ್ನ ಡೇಟಾ ಕೇಂದ್ರದಲ್ಲಿ ನಡೆಸುವ ಸರ್ವರ್) ಬಾಡಿಗೆಗೆ ಪಡೆಯಬೇಕು. ಎಂಟು ಹತ್ತು ಜನರ ಕಚೇರಿಗೆ 2 ಜಿಬಿ ಮೆಮೊರಿ ಧಾರಾಳವಾಯಿತು. ಹಣ ಕಟ್ಟುವ ಮೊದಲೇ ಎರಡು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ: ಹೊರಹೋಗುವ 25ನೇ ಪೋರ್ಟು (ಸರ್ವರಿನಿಂದ ಸರ್ವರಿಗೆ ಮೇಲ್ ಸಾಗುವ ಬಾಗಿಲು) ತೆರೆದಿದೆಯೇ, ಅಥವಾ ಕೋರಿದರೆ ತೆರೆಯುತ್ತೀರಾ? ಐಪಿಯ ಹೆಸರೇನೆಂದು ಹೇಳುವ ಪಿಟಿಆರ್ ದಾಖಲೆಯನ್ನು ನಾವು ಬದಲಿಸಬಹುದೇ? ಸ್ಪ್ಯಾಮ್ ಹಾವಳಿಯ ಕಾರಣಕ್ಕೆ ಅನೇಕ ಕ್ಲೌಡ್ ಕಂಪನಿಗಳು 25ನೇ ಪೋರ್ಟನ್ನು ಮೊದಲಿನಿಂದಲೇ ಮುಚ್ಚಿರುತ್ತವೆ. ಗೂಗಲ್ ಕ್ಲೌಡಿನಲ್ಲಿ ಹೊರಜಗತ್ತಿನ 25ನೇ ಪೋರ್ಟಿಗೆ ಹೋಗುವುದು ಸಾಮಾನ್ಯವಾಗಿ ನಿಷಿದ್ಧ, ಅಮೆಜಾನಿನಲ್ಲಿ ಅರ್ಜಿ ಹಾಕಿ ಕೇಳಬೇಕು. ಆ ಎರಡು ಪ್ರಶ್ನೆಗಳಲ್ಲಿ ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ಬೇರೆಡೆ ನೋಡಿ, ಇಲ್ಲವೇ ಮುಂದೆ ಹೇಳುವ ರಿಲೇ ದಾರಿ ಹಿಡಿಯಿರಿ. ಐಪಿ ಸಿಕ್ಕ ಕೂಡಲೇ ಅದು ಯಾವುದಾದರೂ ಕಪ್ಪುಪಟ್ಟಿಯಲ್ಲಿದೆಯೇ ಎಂದು ಪರೀಕ್ಷಿಸಿ. ಹಿಂದಿನ ಬಾಡಿಗೆದಾರ ಮಾಡಿದ ಸಾಲವನ್ನು ನೀವು ತೀರಿಸುತ್ತ ಕೂರುವುದಕ್ಕಿಂತ, ಮೊದಲ ದಿನವೇ ಬೇರೆ ಐಪಿ ಕೇಳುವುದು ಸುಲಭ.

ಹೆಸರು ಮತ್ತು ಸಂಖ್ಯೆ ತಾಳೆಯಾಗಬೇಕು

ತಂತ್ರಾಂಶವನ್ನು ಮುಟ್ಟುವ ಮೊದಲು ಡಿಎನ್‌ಎಸ್ (ಹೆಸರು ಮತ್ತು ಐಪಿ ಸಂಖ್ಯೆಗಳನ್ನು ಜೋಡಿಸುವ ಜಾಲದ ವಿಳಾಸಪುಸ್ತಕ) ಕೆಲಸ ಮುಗಿಸಬೇಕು. ಮೊದಲನೆಯದಾಗಿ ಮೇಲ್.ಎಕ್ಸಾಂಪಲ್.ಕಾಮ್ ಎಂಬ ಹೆಸರಿಗೆ 203.0.113.25 ಎಂಬ ಎ ದಾಖಲೆ. ಎರಡನೆಯದಾಗಿ ಎಕ್ಸಾಂಪಲ್.ಕಾಮ್‌ಗೆ ಬರುವ ಮೇಲನ್ನು ಮೇಲ್.ಎಕ್ಸಾಂಪಲ್.ಕಾಮ್ ಸ್ವೀಕರಿಸುತ್ತದೆ ಎಂದು ಹೇಳುವ ಎಂಎಕ್ಸ್ ದಾಖಲೆ. ಎಂಎಕ್ಸ್‌ನಲ್ಲಿ ಐಪಿ ಸಂಖ್ಯೆ ಬರೆಯುವಂತಿಲ್ಲ, ಸಿನೇಮ್ (ಇನ್ನೊಂದು ಹೆಸರಿನ ಅಡ್ಡಹೆಸರು) ಆಗಿರುವ ಹೆಸರನ್ನೂ ಬರೆಯುವಂತಿಲ್ಲ. ಮೊದಲಿನಿಂದ ಬೇರೆಡೆ ಮೇಲ್ ಇದ್ದು ಈಗ ಸ್ಥಳಾಂತರಿಸುತ್ತಿದ್ದರೆ, ಹಿಂದಿನ ದಿನವೇ ಟಿಟಿಎಲ್ ಅನ್ನು (ಇತರರು ದಾಖಲೆಯನ್ನು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡಿಗೆ ಇಳಿಸಿಡಿ. ಇಲ್ಲದಿದ್ದರೆ ಕೆಲವು ಮೇಲ್ ಹಳೆಯ ಕಡೆಗೆ, ಕೆಲವು ಹೊಸ ಕಡೆಗೆ ಹೋಗಿ ಎರಡೂ ಕಡೆ ಹುಡುಕುವ ಕೆಲಸ ಬೀಳುತ್ತದೆ.

ಮೂರನೆಯದು ಪಿಟಿಆರ್, ಅಂದರೆ ಸಂಖ್ಯೆಯಿಂದ ಹೆಸರಿಗೆ ಹೋಗುವ ಹಿಮ್ಮುಖ ದಾಖಲೆ. ಹೆಚ್ಚಿನವರು ಎಡವುವುದು ಇಲ್ಲಿ, ಏಕೆಂದರೆ ಇದು ಡೊಮೈನ್ ಕೊಂಡವರ ಕೈಯಲ್ಲಿ ಇರುವುದಿಲ್ಲ. ಐಪಿಯ ಒಡೆತನವಿರುವ ವಿಪಿಎಸ್ ಕಂಪನಿಯ ಪ್ಯಾನೆಲ್ಲಿನಲ್ಲಿ ಇರುತ್ತದೆ. ಎದುರಿನ ಸರ್ವರ್ ಮಾಡುವ ತಾಳೆ ಹೀಗಿದೆ: 203.0.113.25ರಿಂದ ಕರೆ ಬಂದಿದೆ, ಈ ಸಂಖ್ಯೆಯ ಹೆಸರೇನು ಎಂದು ಕೇಳಿದರೆ ಮೇಲ್.ಎಕ್ಸಾಂಪಲ್.ಕಾಮ್ ಎಂದು ಬಂತು. ಆ ಹೆಸರಿನ ಸಂಖ್ಯೆ ಏನು ಎಂದು ತಿರುಗಿ ಕೇಳಿದರೆ ಮತ್ತೆ 203.0.113.25 ಬರಬೇಕು, ಕರೆ ಮಾಡಿದವನು ಹೆಲೋ ಹೇಳುವಾಗ ಕೊಟ್ಟ ಹೆಸರೂ ಅದೇ ಆಗಿರಬೇಕು. ಮೂಟೆಯ ಮೇಲಿನ ಗುರುತು, ಚೀಟಿ ಮತ್ತು ಪುಸ್ತಕ ಮೂರೂ ಒಂದೇ ಹೇಳಿದರೆ ಮಾತ್ರ ಮಾಲು ಇಳಿಸಿಕೊಳ್ಳುವ ಗೋದಾಮಿನವನ ಹಾಗೆ. ಡಿಗ್ ಎಂಬ ಆದೇಶಕ್ಕೆ -ಎಕ್ಸ್ ಸೇರಿಸಿ ಐಪಿಯನ್ನು ಕೊಟ್ಟರೆ ಉತ್ತರ ತಿಳಿಯುತ್ತದೆ. ಅದು ಸರಿಯಾಗುವವರೆಗೆ ಒಂದೇ ಒಂದು ಮೇಲನ್ನೂ ಹೊರಗೆ ಕಳಿಸಬೇಡಿ.

ಪೋಸ್ಟ್‌ಫಿಕ್ಸ್

ಮೇಲನ್ನು ಸಾಗಿಸುವ ಕೆಲಸಕ್ಕೆ ನಾನು ಬಳಸುವುದು ಪೋಸ್ಟ್‌ಫಿಕ್ಸ್. ವೀಟ್ಸ ವೆನೆಮಾ ಅವರು ಐಬಿಎಂನಲ್ಲಿದ್ದಾಗ ಬರೆದು 1998ರಲ್ಲಿ ಬಿಡುಗಡೆಯಾದ ತಂತ್ರಾಂಶವಿದು. ಎಲ್ಲಾ ಕೆಲಸವನ್ನು ಒಂದೇ ಪ್ರೋಗ್ರಾಮಿಗೆ ಹೊರಿಸದೆ ಸಣ್ಣ ಸಣ್ಣ ಪ್ರೋಗ್ರಾಮುಗಳಿಗೆ ಹಂಚಿರುವುದರಿಂದ ಸುರಕ್ಷಿತವೆಂಬ ಹೆಸರು ಪಡೆದಿದೆ. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ ಸ್ಥಾಪಿಸುವಾಗ ಅದು ಪ್ರಶ್ನೆ ಕೇಳುತ್ತದೆ. ‘ಇಂಟರ್‌ನೆಟ್ ಸೈಟ್’ ಎಂಬುದನ್ನು ಆರಿಸಿಕೊಳ್ಳಿ.

ಮೇನ್.ಸಿಎಫ್ ಕಡತದಲ್ಲಿ ಗಮನಿಸಬೇಕಾದ ಸಾಲುಗಳು ಕೆಲವೇ. ಮೈಹೋಸ್ಟ್‌ನೇಮ್ ಎಂಬಲ್ಲಿ ಪಿಟಿಆರ್ ಹೇಳುವ ಹೆಸರನ್ನೇ ಬರೆಯಬೇಕು. ಮೈಡೆಸ್ಟಿನೇಷನ್‌ನಲ್ಲಿ ಎಕ್ಸಾಂಪಲ್.ಕಾಮ್ ಇರಬೇಕು, ಇಲ್ಲದಿದ್ದರೆ ನಿಮ್ಮದೇ ಡೊಮೈನಿನ ಮೇಲನ್ನು ನಿಮ್ಮದೇ ಸರ್ವರ್ ‘ನನ್ನದಲ್ಲ’ ಎನ್ನುತ್ತದೆ. ಹೋಮ್_ಮೇಲ್‌ಬಾಕ್ಸ್‌ಗೆ ‘ಮೇಲ್‌ಡಿರ್/’ ಎಂದು ಕೊಡಿ, ಕೊನೆಯ ಓರೆಗೆರೆ ಮರೆಯಬೇಡಿ. ಮೈನೆಟ್‌ವರ್ಕ್ಸ್‌ನಲ್ಲಿ ಸರ್ವರಿನ ಸ್ವಂತ ಒಳವಿಳಾಸ 127.0.0.0/8 ಬಿಟ್ಟು ಬೇರೇನೂ ಬೇಡ. ಕಚೇರಿಯವರು ಪಾಸ್‌ವರ್ಡ್ ಇಲ್ಲದೆ ಕಳಿಸಲಿ ಎಂದು ಬ್ರಾಡ್‌ಬ್ಯಾಂಡಿನ ಐಪಿಯನ್ನು ಅಲ್ಲಿ ಸೇರಿಸುವ ಅಭ್ಯಾಸವನ್ನು ಕಂಡಿದ್ದೇನೆ. ನಾಳೆ ಆ ಐಪಿ ಕುಮಟಾದ ಇನ್ಯಾರದೋ ಮನೆಗೆ ಹೋಗುತ್ತದೆ, ನಿಮ್ಮ ಸರ್ವರ್ ಅವರ ಸೇವೆಗೆ ನಿಲ್ಲುತ್ತದೆ.

ಎಸ್‌ಎಂಟಿಪಿಡಿ_ರಿಲೇ_ರಿಸ್ಟ್ರಿಕ್ಷನ್ಸ್ ಎಂಬ ಸಾಲು ಯಾರಿಗಾಗಿ ಮೇಲನ್ನು ಹೊರಗೆ ಸಾಗಿಸಬೇಕು ಎಂಬುದನ್ನು ತೀರ್ಮಾನಿಸುತ್ತದೆ. ಒಳಜಾಲದವರಿಗೆ ಅನುಮತಿ, ಪಾಸ್‌ವರ್ಡ್ ಕೊಟ್ಟವರಿಗೆ ಅನುಮತಿ, ಉಳಿದವರು ಹೊರಗಿನ ವಿಳಾಸಕ್ಕೆ ಕಳಿಸಲು ಬಂದರೆ ನಿರಾಕರಣೆ: ಈ ಕ್ರಮ ಪೋಸ್ಟ್‌ಫಿಕ್ಸ್‌ನಲ್ಲಿ ಮೊದಲಿನಿಂದಲೇ ಇದೆ, ಅದನ್ನು ಕೆಡಿಸದಿದ್ದರೆ ಸಾಕು. ಇದನ್ನು ಸಡಿಲಿಸಿದ ಸರ್ವರ್ ಯಾರು ಬೇಕಾದರೂ ಬಳಸಬಹುದಾದ ಓಪನ್ ರಿಲೇ ಆಗುತ್ತದೆ, ಮತ್ತು ಅಂಥದ್ದನ್ನು ಹುಡುಕುವ ಯಂತ್ರಗಳು ಹಗಲು ರಾತ್ರಿ ಅಲೆಯುತ್ತಿರುತ್ತವೆ.

ಇನ್ನೊಂದು ಸಣ್ಣ ಸಾಲು ದೊಡ್ಡ ಗೊಂದಲಕ್ಕೆ ಕಾರಣವಾಗುತ್ತದೆ. ಮೆಸೇಜ್_ಸೈಜ್_ಲಿಮಿಟ್ ಮೊದಲಿಗೆ 1,02,40,000 ಬೈಟ್ ಇರುತ್ತದೆ. ಲಗತ್ತುಗಳು ಬೇಸ್64 ರೂಪಕ್ಕೆ ತಿರುಗುವಾಗ ಮೂರನೇ ಒಂದರಷ್ಟು ಉಬ್ಬುವುದರಿಂದ, 8 ಎಂಬಿಯ ಸ್ಕ್ಯಾನ್ ಮಾಡಿದ ಪಿಡಿಎಫ್ ಈ ಮಿತಿಯನ್ನು ದಾಟುತ್ತದೆ. ನಾನು ಇದನ್ನು 25 ಎಂಬಿಯ ಆಸುಪಾಸಿಗೆ ಏರಿಸಿದ್ದೇನೆ. ಅದಕ್ಕಿಂತ ದೊಡ್ಡದನ್ನು ಎದುರಿನವರೇ ತೆಗೆದುಕೊಳ್ಳುವುದು ಅಪರೂಪ.

ಕಡತ ಉಳಿಸಿದ ಮೇಲೆ ‘ಪೋಸ್ಟ್‌ಫಿಕ್ಸ್ ಚೆಕ್’ ಎಂಬ ಆದೇಶ ಕೊಟ್ಟು ನಂತರ ರೀಲೋಡ್ ಮಾಡಿ. ‘ಪೋಸ್ಟ್‌ಕಾನ್ಫ್ -ಎನ್’ ಎಂದರೆ ನೀವು ಬದಲಿಸಿದ ಸಾಲುಗಳಷ್ಟೇ ಕಾಣುತ್ತವೆ. ಯಾರನ್ನಾದರೂ ಸಹಾಯ ಕೇಳುವಾಗ ಅದನ್ನೇ ಕಳಿಸಿ.

ಡವ್‌ಕಾಟ್, ಮತ್ತು ಕಚೇರಿಯವರ ಬಾಗಿಲು

ಬಂದ ಮೇಲನ್ನು ಫೋನು ಮತ್ತು ಕಂಪ್ಯೂಟರಿನಲ್ಲಿ ತೋರಿಸಲು ಐಮ್ಯಾಪ್ ಬೇಕು, ಅದಕ್ಕೆ ಡವ್‌ಕಾಟ್. ಎಂಟು ಜನರಿಗೆ ಡೇಟಾಬೇಸ್ ಕಟ್ಟುವ ಅಗತ್ಯವಿಲ್ಲ, ಪ್ರತಿಯೊಬ್ಬರಿಗೂ ಶೆಲ್ ಪ್ರವೇಶವಿಲ್ಲದ ಒಂದೊಂದು ಸಿಸ್ಟಮ್ ಖಾತೆ ಸಾಕು. ಹಳೆಯ ಬರಹಗಳನ್ನು ನೋಡಿಕೊಂಡು ಮಾಡುವವರು ಒಂದನ್ನು ಗಮನಿಸಬೇಕು: ಡೆಬಿಯನ್ 12ರಲ್ಲಿದ್ದ ಡವ್‌ಕಾಟ್ 2.3ರಲ್ಲಿ ಮೇಲ್_ಲೊಕೇಶನ್ ಎಂಬ ಒಂದೇ ಸಾಲು ಇತ್ತು. ಡೆಬಿಯನ್ 13ರ 2.4ರಲ್ಲಿ ಅದರ ಬದಲು ಮೇಲ್_ಡ್ರೈವರ್ ಮತ್ತು ಮೇಲ್_ಪಾತ್ ಎಂಬ ಎರಡು ಸಾಲುಗಳಿವೆ, ಹಳೆಯ ಕಡತ ಅಲ್ಲಿ ನಡೆಯುವುದಿಲ್ಲ.

ಪೋರ್ಟುಗಳ ಪಾತ್ರವನ್ನು ಬೇರೆಬೇರೆಯಾಗಿ ಅರ್ಥಮಾಡಿಕೊಳ್ಳಬೇಕು. 25ನೆಯದು ಸರ್ವರಿನಿಂದ ಸರ್ವರಿಗೆ ಮೇಲ್ ಹೋಗುವ ಹೆದ್ದಾರಿ. 587 ಮತ್ತು 465 ನಿಮ್ಮ ಕಚೇರಿಯವರು ಪಾಸ್‌ವರ್ಡ್ ಕೊಟ್ಟು ಮೇಲನ್ನು ಒಪ್ಪಿಸುವ ಬಾಗಿಲುಗಳು. 465ರಲ್ಲಿ ಸಂಪರ್ಕ ಆರಂಭದಿಂದಲೇ ಗೂಢಲಿಪಿಯಲ್ಲಿರುತ್ತದೆ, 587ರಲ್ಲಿ ಮಾತು ಶುರುವಾದ ಮೇಲೆ ಅದಕ್ಕೆ ತಿರುಗುತ್ತದೆ. 993 ಓದುವ ಬಾಗಿಲು. ಮಾಸ್ಟರ್.ಸಿಎಫ್ ಕಡತದಲ್ಲಿ ಸಬ್‌ಮಿಷನ್ ಎಂಬ ಭಾಗದ ಮುಂದಿನ ಹ್ಯಾಷ್ ಗುರುತುಗಳನ್ನು ತೆಗೆದು, ಅಲ್ಲಿ ಟಿಎಲ್‌ಎಸ್ (ಸಂಪರ್ಕದ ಗೂಢಲಿಪಿ) ಮಟ್ಟವನ್ನು ‘ಎನ್‌ಕ್ರಿಪ್ಟ್’ ಎಂದು ಕಡ್ಡಾಯಗೊಳಿಸಿ, ಪಾಸ್‌ವರ್ಡ್ ಪರಿಶೀಲನೆಯನ್ನು ಡವ್‌ಕಾಟ್‌ಗೆ ವಹಿಸಬೇಕು. ಆದರೆ 25ರಲ್ಲಿ ಟಿಎಲ್‌ಎಸ್ ಮಟ್ಟ ‘ಮೇ’ ಎಂದೇ ಇರಲಿ. ಅಲ್ಲಿ ಕಡ್ಡಾಯ ಮಾಡಿದರೆ ಹಳೆಯ ಸರ್ವರುಗಳಿಂದ ಬರುವ ಮೇಲ್ ನಿಂತುಹೋಗುತ್ತದೆ. 25ರಲ್ಲಿ ಪಾಸ್‌ವರ್ಡ್ ಲಾಗಿನ್ ಕೊಡಬೇಡಿ. ಪಾಸ್‌ವರ್ಡ್ ಊಹೆ ಮಾಡಿ ನುಗ್ಗುವವರಿಗೆ, ಪದೇ ಪದೇ ತಪ್ಪುವ ಐಪಿಯನ್ನು ತಡೆಯುವ ಫೇಲ್2ಬ್ಯಾನ್ ಒಂದು ಮಟ್ಟಿನ ತಡೆ.

ಟಿಎಲ್‌ಎಸ್‌ಗೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ ಸರ್ಟ್‌ಬಾಟ್ ಎಂಬ ತಂತ್ರಾಂಶದ ಮೂಲಕ ಉಚಿತವಾಗಿ ಪಡೆಯಬಹುದು. ಅದು 90 ದಿನಕ್ಕೆ ಮುಗಿಯುತ್ತದೆ, ತಾನಾಗಿ ನವೀಕರಣವೂ ಆಗುತ್ತದೆ. ಹಾಗಿದ್ದರೂ ಒಂದು ಮಾರಿ ಜಾತ್ರೆಯ ವಾರದಲ್ಲಿ ಕಚೇರಿಯ ಎಲ್ಲರ ಫೋನಿನಲ್ಲೂ ‘ಪ್ರಮಾಣಪತ್ರ ಅವಧಿ ಮೀರಿದೆ’ ಎಂಬ ಎಚ್ಚರಿಕೆ ಬಂತು, ನಾನು ಜಾತ್ರೆ ಪೇಟೆಯ ಗದ್ದಲದ ಮಧ್ಯೆ ನಿಂತು ಫೋನಿನಲ್ಲೇ ಸರ್ವರಿಗೆ ಲಾಗಿನ್ ಆದೆ. ಡಿಸ್ಕಿನಲ್ಲಿ ಹೊಸ ಪ್ರಮಾಣಪತ್ರ ಬಂದು ಮೂರು ವಾರವಾಗಿತ್ತು. ಡವ್‌ಕಾಟ್ ಮಾತ್ರ ತಾನು ಶುರುವಾದಾಗ ಓದಿಕೊಂಡ ಹಳೆಯದನ್ನೇ ತೋರಿಸುತ್ತಿತ್ತು. ಸರ್ಟ್‌ಬಾಟ್‌ನ ರಿನ್ಯೂವಲ್-ಹುಕ್ಸ್ ಫೋಲ್ಡರಿನೊಳಗಿನ ಡಿಪ್ಲಾಯ್ ಎಂಬಲ್ಲಿ ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್ ಎರಡನ್ನೂ ರೀಲೋಡ್ ಮಾಡುವ ಎರಡು ಸಾಲಿನ ಸ್ಕ್ರಿಪ್ಟ್ ಇಟ್ಟರೆ ಈ ತಾಪತ್ರಯ ಮತ್ತೆ ಬರುವುದಿಲ್ಲ. ಆ ಸ್ಕ್ರಿಪ್ಟಿಗೆ ಚಲಾಯಿಸುವ ಅನುಮತಿ ಕೊಡುವುದನ್ನೂ ಮರೆಯಬಾರದು.

ಮೂರು ಗುರುತುಪತ್ರಗಳು

ಈಗ ಮುಖ್ಯ ವಿಷಯಕ್ಕೆ ಬಂದೆವು. ಮೇಲ್ ಸಾಗಿಸುವ ನಿಯಮಾವಳಿಯಾದ ಎಸ್‌ಎಂಟಿಪಿಯ ಮಾನದಂಡ 1982ರದು; ಆಗ ಜಾಲದಲ್ಲಿದ್ದವರು ಪರಸ್ಪರ ಪರಿಚಯದವರು, ಹಾಗಾಗಿ ಕಳಿಸಿದವನ ವಿಳಾಸ ನಿಜವೇ ಎಂದು ಕೇಳುವ ಏರ್ಪಾಡು ಅದರಲ್ಲಿ ಇರಲಿಲ್ಲ. ಯಾರು ಬೇಕಾದರೂ ಯಾರ ಹೆಸರಿನಲ್ಲಾದರೂ ಮೇಲ್ ಬರೆಯಬಹುದಿತ್ತು. ಆ ಕೊರತೆಯನ್ನು ತುಂಬಲು ನಂತರ ಬಂದವು ಎಸ್‌ಪಿಎಫ್, ಡಿಕಿಮ್ ಮತ್ತು ಡಿಮಾರ್ಕ್. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ತಮಗೆ ಕಳಿಸುವ ಎಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಇರಲೇಬೇಕು, ಪಿಟಿಆರ್ ಸರಿಯಿರಬೇಕು ಎಂದು ನಿಯಮ ಮಾಡಿದವು. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಮೂರೂ ಬೇಕು. ನಮ್ಮ ಅಂಗಡಿ ಆ ಸಂಖ್ಯೆಯ ಹತ್ತಿರವೂ ಸುಳಿಯುವುದಿಲ್ಲ, ಆದರೂ ಮೂರನ್ನೂ ಮಾಡುವುದು ಲೇಸು.

ಎಸ್‌ಪಿಎಫ್ ಎಂದರೆ ನಮ್ಮ ಡೊಮೈನಿನ ಪರವಾಗಿ ಯಾವ ಯಾವ ಐಪಿಗಳು ಮೇಲ್ ಕಳಿಸಬಹುದು ಎಂಬ ಪಟ್ಟಿಯನ್ನು ಡಿಎನ್‌ಎಸ್‌ನ ಟೆಕ್ಸ್ಟ್ ದಾಖಲೆಯಲ್ಲಿ ಪ್ರಕಟಿಸುವುದು. ಒಂದೇ ಸರ್ವರ್ ಇದ್ದರೆ ದಾಖಲೆ ಇಷ್ಟೇ: ‘ವಿ=ಎಸ್‌ಪಿಎಫ್1 ಐಪಿ4:203.0.113.25 ~ಆಲ್’. ಕೊನೆಯ ಅಲೆಗೆರೆಯ ಅರ್ಥ ‘ಉಳಿದವರು ಬಹುಶಃ ನಮ್ಮವರಲ್ಲ’. ಎಲ್ಲವೂ ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ ಅದನ್ನು ಮೈನಸ್ ಗುರುತಿಗೆ ಬದಲಿಸಿದರೆ ‘ಖಂಡಿತ ನಮ್ಮವರಲ್ಲ’ ಎಂದಾಗುತ್ತದೆ. ಒಂದು ಡೊಮೈನಿಗೆ ಒಂದೇ ಎಸ್‌ಪಿಎಫ್ ದಾಖಲೆ ಇರಬೇಕು. ವೆಬ್‌ಸೈಟ್ ಮಾಡಿದವರು ಒಂದು, ಮೇಲ್ ಮಾಡಿದವರು ಒಂದು ಎಂದು ಎರಡು ಸೇರಿಕೊಂಡರೆ ಎರಡೂ ಅಸಿಂಧುವಾಗುತ್ತವೆ. ಬೇರೆ ಸೇವೆಗಳನ್ನು ‘ಇನ್‌ಕ್ಲೂಡ್’ ಎಂದು ಸೇರಿಸುತ್ತ ಹೋದರೆ ಒಟ್ಟು ಡಿಎನ್‌ಎಸ್ ವಿಚಾರಣೆ 10ನ್ನು ಮೀರಬಾರದೆಂಬ ಮಿತಿಯೂ ಇದೆ.

ಡಿಕಿಮ್ ಎಂದರೆ ಪ್ರತಿ ಮೇಲಿಗೂ ಸರ್ವರ್ ಹಾಕುವ ಗುಪ್ತ ಸಹಿ. ಓಪನ್‌ಡಿಕಿಮ್ ಸ್ಥಾಪಿಸಿ 2048 ಬಿಟ್‌ನ ಕೀಲಿಜೋಡಿ ತಯಾರಿಸಿದರೆ ಖಾಸಗಿ ಕೀಲಿ ಸರ್ವರಿನಲ್ಲಿ ಉಳಿಯುತ್ತದೆ, ಸಾರ್ವಜನಿಕ ಕೀಲಿ ಡಿಎನ್‌ಎಸ್‌ಗೆ ಹೋಗುತ್ತದೆ. ಕೀಲಿಗೊಂದು ಹೆಸರಿಡಬೇಕು, ಅದಕ್ಕೆ ಸೆಲೆಕ್ಟರ್ ಎನ್ನುತ್ತಾರೆ. ವರ್ಷವನ್ನು ಸೇರಿಸಿ ಹೆಸರಿಟ್ಟರೆ ಮುಂದೆ ಕೀಲಿ ಬದಲಿಸುವಾಗ ಗೊಂದಲವಿಲ್ಲ. ಟೆಕ್ಸ್ಟ್ ದಾಖಲೆಯ ಒಂದು ತುಂಡು 255 ಅಕ್ಷರ ಮೀರುವಂತಿಲ್ಲವಾದ್ದರಿಂದ 2048 ಬಿಟ್‌ನ ಕೀಲಿಯನ್ನು ಎರಡು ಉದ್ಧರಣ ಚಿಹ್ನೆಗಳ ತುಂಡಾಗಿ ಬರೆಯಬೇಕಾಗುತ್ತದೆ. ಕೆಲವು ಪ್ಯಾನೆಲ್‌ಗಳು ಇದನ್ನು ತಾವೇ ತುಂಡರಿಸುತ್ತವೆ, ಕೆಲವು ಮೌನವಾಗಿ ಬಾಲ ಕತ್ತರಿಸಿ ಉಳಿಸಿಕೊಳ್ಳುತ್ತವೆ. ಆದ್ದರಿಂದ ಉಳಿಸಿದ ಮೇಲೆ ‘ಓಪನ್‌ಡಿಕಿಮ್-ಟೆಸ್ಟ್‌ಕೀ’ ಆದೇಶದಿಂದ ಪರೀಕ್ಷಿಸಲೇಬೇಕು. ಪೋಸ್ಟ್‌ಫಿಕ್ಸ್‌ನ ಎಸ್‌ಎಂಟಿಪಿಡಿ_ಮಿಲ್ಟರ್ಸ್ ಮತ್ತು ನಾನ್_ಎಸ್‌ಎಂಟಿಪಿಡಿ_ಮಿಲ್ಟರ್ಸ್ ಎರಡೂ ಸಾಲುಗಳಲ್ಲಿ ಓಪನ್‌ಡಿಕಿಮ್‌ನ ವಿಳಾಸ ಬರೆಯಿರಿ. ಎರಡನೆಯದನ್ನು ಬಿಟ್ಟರೆ ಸರ್ವರಿನೊಳಗಿನ ಸ್ಕ್ರಿಪ್ಟುಗಳು ಕಳಿಸುವ ಮೇಲಿಗೆ ಸಹಿ ಬೀಳುವುದಿಲ್ಲ. ಸ್ಪ್ಯಾಮ್ ಜರಡಿಯೂ ಬೇಕೆನ್ನುವವರು ಆರ್‌ಸ್ಪ್ಯಾಮ್‌ಡಿ ಹಾಕಿಕೊಂಡರೆ ಸಹಿ ಮತ್ತು ಜರಡಿ ಎರಡೂ ಒಂದರಲ್ಲೇ ಆಗುತ್ತವೆ.

ಡಿಮಾರ್ಕ್ ಎಂಬುದು ಎಸ್‌ಪಿಎಫ್ ಮತ್ತು ಡಿಕಿಮ್ ಎರಡನ್ನೂ ಓದುವವನ ಕಣ್ಣಿಗೆ ಕಾಣುವ ‘ಫ್ರಮ್’ ವಿಳಾಸದೊಂದಿಗೆ ಜೋಡಿಸುತ್ತದೆ. ಇದು ಅನೇಕರಿಗೆ ಅರ್ಥವಾಗದೆ ಉಳಿಯುವ ಭಾಗವಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಂಚೆಯ ಲಕೋಟೆಯ ಮೇಲೊಂದು ಕಳಿಸಿದವರ ವಿಳಾಸ, ಒಳಗಿನ ಕಾಗದದ ತಲೆಯಲ್ಲೊಂದು ವಿಳಾಸ ಇರುವಂತೆ ಮೇಲಿನಲ್ಲೂ ಎರಡು ವಿಳಾಸಗಳಿವೆ. ಎಸ್‌ಪಿಎಫ್ ನೋಡುವುದು ಲಕೋಟೆಯದನ್ನು ಮಾತ್ರ. ಡಿಕಿಮ್ ಸಹಿಯೂ ಯಾವುದೋ ಒಂದು ಡೊಮೈನಿನದು, ಅದು ಕಾಗದದ ತಲೆಯಲ್ಲಿರುವುದೇ ಆಗಬೇಕೆಂದಿಲ್ಲ. ಇವೆರಡರಲ್ಲಿ ಒಂದಾದರೂ ಪಾಸಾಗಿ, ಪಾಸಾದ ಡೊಮೈನ್ ಫ್ರಮ್‌ನಲ್ಲಿರುವ ಡೊಮೈನಿಗೆ ಹೊಂದಿಕೊಂಡಿದ್ದರೆ ಮಾತ್ರ ಡಿಮಾರ್ಕ್ ಪಾಸು. ವೆಬ್‌ಸೈಟಿನ ‘ಸಂಪರ್ಕಿಸಿ’ ಫಾರ್ಮು ಬೇರೆ ಕಂಪನಿಯ ಸರ್ವರಿನಲ್ಲಿದ್ದು ನಿಮ್ಮ ವಿಳಾಸದಿಂದ ಮೇಲ್ ಕಳಿಸುತ್ತಿದ್ದರೆ ಅದು ಇಲ್ಲಿ ಸಿಕ್ಕಿಬೀಳುತ್ತದೆ. ಟ್ಯಾಲಿಯಿಂದ ನೇರವಾಗಿ ಬಿಲ್ಲು ಕಳಿಸುವವರು ಅದರ ಮೇಲ್ ಸೆಟ್ಟಿಂಗಿನಲ್ಲಿ ಬೇರೆ ಯಾವುದೋ ಸರ್ವರ್ ಇಡದೆ ನಿಮ್ಮದೇ ಸರ್ವರನ್ನು ಪಾಸ್‌ವರ್ಡ್ ಸಹಿತ ಕೊಡಬೇಕು.

ಅಂಡರ್‌ಸ್ಕೋರ್ ಡಿಮಾರ್ಕ್ ಎಂಬ ಹೆಸರಿನಲ್ಲಿ ದಾಖಲೆ ಹಾಕುವಾಗ ಮೊದಲು ನೀತಿಯನ್ನು ‘ನನ್’ ಎಂದಿಡಿ, ವರದಿ ಕಳಿಸಬೇಕಾದ ವಿಳಾಸವನ್ನೂ ಕೊಡಿ. ಗೂಗಲ್‌ನಂಥ ದೊಡ್ಡ ಸೇವೆಗಳು ದಿನಕ್ಕೊಮ್ಮೆ ಎಕ್ಸ್‌ಎಂಎಲ್ ರೂಪದ ವರದಿ ಕಳಿಸುತ್ತವೆ. ಓದಲು ಒಣ ಕಡತ ಅದು, ಆದರೆ ನಿಮ್ಮ ಹೆಸರಿನಲ್ಲಿ ಯಾವ ಯಾವ ಐಪಿಯಿಂದ ಎಷ್ಟು ಮೇಲ್ ಹೋಗಿದೆ ಎಂಬುದು ಅದರಲ್ಲಿರುತ್ತದೆ. ನಾವು ಮರೆತಿದ್ದ ಹಳೆಯ ಫಾರ್ಮೊಂದು ಇನ್ನೂ ಜೀವಂತವಾಗಿದೆ ಎಂದು ನನಗೆ ಗೊತ್ತಾದದ್ದು ಹಾಗೆ. ಒಂದು ತಿಂಗಳು ವರದಿ ಗಮನಿಸಿ, ನಂತರ ‘ಕ್ವಾರಂಟೈನ್’, ಕೊನೆಗೆ ‘ರಿಜೆಕ್ಟ್’ ಮಾಡಿ. ಮೊದಲ ದಿನವೇ ‘ರಿಜೆಕ್ಟ್’ ಹಾಕುವ ಉತ್ಸಾಹ ಬೇಡ.

ಪರೀಕ್ಷೆ ಮತ್ತು ಲಾಗ್ ಓದುವುದು

ನಿಮ್ಮದೇ ಒಂದು ಜಿಮೇಲ್ ಖಾತೆಗೆ ಮೇಲ್ ಕಳಿಸಿ, ಅಲ್ಲಿ ‘ಶೋ ಒರಿಜಿನಲ್’ ಒತ್ತಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೆಯೂ ಪಾಸ್ ಎಂದಿರಬೇಕು. ಪರೀಕ್ಷೆಗೆ ‘ಟೆಸ್ಟ್’ ಎಂಬ ಒಂದೇ ಪದದ ಮೇಲ್ ಕಳಿಸಬೇಡಿ, ಅದೇ ಸ್ಪ್ಯಾಮಿನಂತೆ ಕಾಣುತ್ತದೆ. ನಾಲ್ಕು ಸಾಲಿನ ನಿಜವಾದ ಪತ್ರ ಬರೆಯಿರಿ.

ನಂತರ ಲಾಗ್, ಅಂದರೆ ಸರ್ವರ್ ತಾನು ಮಾಡಿದ್ದನ್ನು ಬರೆದಿಡುವ ದಿನಚರಿ. ಒಂದು ಮೇಲಿನ ಸ್ಟೇಟಸ್ ಹೇಳುವ ಸಾಲಿನಲ್ಲಿ ಮೂರು ಸಂಗತಿಗಳನ್ನು ನೋಡಬೇಕು: ಸ್ಟೇಟಸ್, ಅದರ ಸಂಖ್ಯೆ ಮತ್ತು ಡಿಲೇಸ್. ಸ್ಟೇಟಸ್ ‘ಸೆಂಟ್’ ಎಂದಿದ್ದರೆ ಎದುರಿನ ಸರ್ವರ್ ಸ್ವೀಕರಿಸಿದೆ ಎಂದರ್ಥ. ಇನ್‌ಬಾಕ್ಸಿಗೆ ಹೋಯಿತೋ ಸ್ಪ್ಯಾಮಿಗೆ ಹೋಯಿತೋ ಅದು ಹೇಳುವುದಿಲ್ಲ. ‘ಡಿಫರ್ಡ್’ ಎಂದಿದ್ದು 4ರಿಂದ ಆರಂಭವಾಗುವ ಸಂಖ್ಯೆ ಇದ್ದರೆ ‘ಈಗ ಆಗುವುದಿಲ್ಲ, ಆಮೇಲೆ ಬಾ’. ಪೋಸ್ಟ್‌ಫಿಕ್ಸ್ ತಾನೇ ಮತ್ತೆ ಮತ್ತೆ ಪ್ರಯತ್ನಿಸಿ ಐದು ದಿನದ ನಂತರವಷ್ಟೇ ಕೈಬಿಡುತ್ತದೆ. ‘ಬೌನ್ಸ್ಡ್’ ಎಂದಿದ್ದು 5ರಿಂದ ಆರಂಭವಾಗುವ ಸಂಖ್ಯೆ ಇದ್ದರೆ ಶಾಶ್ವತ ನಿರಾಕರಣೆ, ಕಾರಣವನ್ನು ಅದರ ಮುಂದೆಯೇ ಬರೆದಿರುತ್ತದೆ. ಡಿಲೇಸ್ ಎಂಬಲ್ಲಿ ಓರೆಗೆರೆಯಿಂದ ಬೇರ್ಪಡಿಸಿದ ನಾಲ್ಕು ಸಂಖ್ಯೆಗಳಿರುತ್ತವೆ. ಮೂರನೆಯದು ದೊಡ್ಡದಾಗಿದ್ದರೆ ಎದುರಿನ ಸರ್ವರಿಗೆ ಸಂಪರ್ಕ ಸಿಗಲು ತಡವಾಗಿದೆ, ನಾಲ್ಕನೆಯದು ದೊಡ್ಡದಾಗಿದ್ದರೆ ಮೇಲಿನ ರವಾನೆಯೇ ನಿಧಾನವಾಗಿದೆ.

ನಮ್ಮ ಮೂರು ವಾರದಲ್ಲಿ ಒಂದು ವಾರವನ್ನು ತಿಂದ ದೋಷ ಇಲ್ಲಿಯೇ ಸಿಕ್ಕಿತು. ಒಬ್ಬರೇ ಖರೀದಿದಾರರಿಗೆ ಬೆಳಿಗ್ಗೆ ಕಳಿಸಿದ ಕಾಳುಮೆಣಸಿನ ದರ ತಲುಪುತ್ತಿತ್ತು, ಮಧ್ಯಾಹ್ನ ಕಳಿಸಿದ ಬಿಲ್ಲು 550 ಎಂಬ ಸಂಖ್ಯೆಯೊಂದಿಗೆ ಮರಳುತ್ತಿತ್ತು. ಬಿಲ್ಲಿನ ಪಿಡಿಎಫ್‌ನಲ್ಲೇ ದೋಷವೆಂದು ಅದನ್ನು ನಾಲ್ಕು ಬಗೆಯಲ್ಲಿ ಮಾಡಿ ನೋಡಿದೆ, ಸರ್ವರಿನ ಗಡಿಯಾರವನ್ನೂ ಅನುಮಾನಿಸಿದೆ. ಕೊನೆಗೆ ತಲುಪಿದ ಮತ್ತು ತಲುಪದ ಎರಡು ಲಾಗ್ ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದಾಗ ರಿಲೇ ಎಂಬಲ್ಲಿ ಒಂದರಲ್ಲಿ ಚುಕ್ಕಿಗಳ ಸಣ್ಣ ಐಪಿ, ಇನ್ನೊಂದರಲ್ಲಿ ಕೋಲನ್‌ಗಳ ಉದ್ದನೆಯ ಐಪಿ ಕಂಡಿತು. ಸರ್ವರಿಗೆ ನಾನು ಕೇಳದೆಯೇ ಐಪಿವಿ6 ವಿಳಾಸವೂ ಬಂದಿತ್ತು, ಅದಕ್ಕೆ ಪಿಟಿಆರ್ ಇರಲಿಲ್ಲ, ಪೋಸ್ಟ್‌ಫಿಕ್ಸ್ ಎರಡು ದಾರಿಗಳಲ್ಲಿ ಯಾವುದನ್ನಾದರೂ ಹಿಡಿಯುತ್ತಿತ್ತು. ಇನೆಟ್_ಪ್ರೋಟೊಕಾಲ್ಸ್ ಎಂಬುದನ್ನು ಐಪಿವಿ4 ಎಂದು ಮಾಡಿದ ಮೇಲೆ ಎಲ್ಲವೂ ಸರಿಯಾಯಿತು. ಈ ಒಂದು ಸಾಲಿಗೆ ರೀಲೋಡ್ ಸಾಲದು, ಪೋಸ್ಟ್‌ಫಿಕ್ಸ್ ಅನ್ನು ಪೂರ್ತಿ ನಿಲ್ಲಿಸಿ ಮತ್ತೆ ಆರಂಭಿಸಬೇಕು. ಅದು ಗೊತ್ತಿಲ್ಲದೆ ಇನ್ನೊಂದು ಅರ್ಧ ದಿನ ಹೋಯಿತು. ಐಪಿವಿ6 ಬೇಕೇ ಬೇಕೆನ್ನುವವರು ಅದಕ್ಕೂ ಪಿಟಿಆರ್ ಮಾಡಿಸಿ ಎಸ್‌ಪಿಎಫ್‌ನಲ್ಲೂ ಸೇರಿಸಬಹುದು. ಸಣ್ಣ ಕಚೇರಿಗೆ ಅದರ ಅಗತ್ಯ ನನಗೆ ಕಂಡಿಲ್ಲ.

ಹೊಸ ಐಪಿಗೆ ಹೆಸರೂ ಇಲ್ಲ, ಕೆಟ್ಟ ಹೆಸರೂ ಇಲ್ಲ. ಮೊದಲ ಎರಡು ವಾರ ಪರಿಚಯದ, ಉತ್ತರಿಸುವ ಗ್ರಾಹಕರಿಗೆ ಮಾತ್ರ ಕಳಿಸಿ. ಸ್ಪ್ಯಾಮಿಗೆ ಬಿದ್ದಿದ್ದರೆ ಅಲ್ಲಿಂದ ತೆಗೆದು ಉತ್ತರಿಸಲು ಫೋನ್ ಮಾಡಿ ಕೇಳಿಕೊಳ್ಳಿ. ದೀಪಾವಳಿ ಶುಭಾಶಯವನ್ನು ಆರುನೂರು ವಿಳಾಸಗಳಿಗೆ ಒಮ್ಮೆಲೇ ಕಳಿಸುವ ಆಸೆ ಮಾಲೀಕರಿಗೆ ಬಂದರೆ ಅದನ್ನು ತಡೆಯುವುದು ನಿಮ್ಮ ಕೆಲಸ. ಸ್ಪ್ಯಾಮ್ ಎಂದು ಗುರುತಿಸಿದವರ ಪ್ರಮಾಣ ಶೇ. 0.3ನ್ನು ಮುಟ್ಟಬಾರದೆಂದು ಗೂಗಲ್ ಹೇಳುತ್ತದೆ. ಆರುನೂರರಲ್ಲಿ ಇಬ್ಬರು ಒತ್ತಿದರೂ ಆ ಗೆರೆ ದಾಟಿದಂತೆಯೇ.

ರಿಲೇ ಎಂಬ ನಡುದಾರಿ

ಇಷ್ಟೆಲ್ಲ ಮಾಡಿಯೂ ಕೆಲವು ಕಡೆ ಸ್ಪ್ಯಾಮಿಗೇ ಹೋಗುತ್ತಿದ್ದರೆ, ಅಥವಾ 25ನೇ ಪೋರ್ಟು ಸಿಗದಿದ್ದರೆ, ಹೊರಹೋಗುವ ಮೇಲನ್ನಷ್ಟೇ ಒಂದು ರಿಲೇ ಸೇವೆಯ ಮೂಲಕ ಕಳಿಸಬಹುದು. ಬರುವ ಮೇಲ್, ಸಂಗ್ರಹ, ಖಾತೆಗಳು ಎಲ್ಲವೂ ನಿಮ್ಮ ಸರ್ವರಿನಲ್ಲೇ ಉಳಿಯುತ್ತವೆ. ಪೋಸ್ಟ್‌ಫಿಕ್ಸ್‌ನ ರಿಲೇಹೋಸ್ಟ್ ಎಂಬಲ್ಲಿ ಸೇವೆಯ ಹೆಸರನ್ನು ಚೌಕ ಕಂಸದಲ್ಲಿ ಬರೆದು 587 ಸೇರಿಸಿ, ಪಾಸ್‌ವರ್ಡ್ ಕಡತವನ್ನು ಪೋಸ್ಟ್‌ಮ್ಯಾಪ್ ಮಾಡಿ, ಎಸ್‌ಪಿಎಫ್‌ನಲ್ಲಿ ಅವರ ಇನ್‌ಕ್ಲೂಡ್ ಸೇರಿಸಿದರೆ ಬಹುಪಾಲು ಕೆಲಸ ಮುಗಿಯಿತು. ಇದನ್ನು ಸೋಲೆಂದು ತಿಳಿಯುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ: ದಿನಕ್ಕೆ ಇಪ್ಪತ್ತು ಮೇಲ್ ಕಳಿಸುವ ಅಂಗಡಿಗೆ ತನ್ನ ಐಪಿಯ ಹೆಸರು ಬೆಳೆಸುವಷ್ಟು ಸಂಚಾರವೇ ಇರುವುದಿಲ್ಲ, ಅಂಥವರು ಮೊದಲೇ ರಿಲೇ ಹಿಡಿಯುವುದು ಜಾಣತನ.

ನಂತರದ ಕಾಳಜಿ

ಪೋಸ್ಟ್‌ಮಾಸ್ಟರ್ ಮತ್ತು ಅಬ್ಯೂಸ್ ಎಂಬ ಎರಡು ವಿಳಾಸಗಳು ಇರಲೇಬೇಕು, ಅವುಗಳಿಗೆ ಬಂದದ್ದನ್ನು ಯಾರಾದರೂ ಓದುತ್ತಿರಬೇಕು. ಮಾಲೀಕರು ತಮ್ಮ ಮೇಲನ್ನೆಲ್ಲ ಖಾಸಗಿ ಜಿಮೇಲಿಗೆ ಫಾರ್ವರ್ಡ್ ಮಾಡಿಕೊಡು ಎಂದು ಕೇಳಿದರೆ ಒಪ್ಪಬೇಡಿ. ಫಾರ್ವರ್ಡಿನಲ್ಲಿ ಎಸ್‌ಪಿಎಫ್ ಮುರಿಯುತ್ತದೆ, ಅವರಿಗೆ ಬಂದ ಸ್ಪ್ಯಾಮೆಲ್ಲ ನಿಮ್ಮ ಐಪಿಯಿಂದ ಗೂಗಲಿಗೆ ಹೋಗಿ ಕೆಟ್ಟ ಹೆಸರು ನಿಮಗೆ ಬರುತ್ತದೆ. ಅವರ ಫೋನಿನಲ್ಲಿ ಐಮ್ಯಾಪ್ ಖಾತೆಯನ್ನೇ ಹಾಕಿಕೊಡಿ.

ಯಾರಾದರೊಬ್ಬರ ಪಾಸ್‌ವರ್ಡ್ ಸೋರಿದರೆ ರಾತ್ರೋರಾತ್ರಿ ಸಾವಿರಾರು ಸ್ಪ್ಯಾಮ್ ನಿಮ್ಮ ಸರ್ವರಿನಿಂದ ಹೊರಡುತ್ತದೆ. ಕ್ಯೂನಲ್ಲಿ ಕಾಯುತ್ತಿರುವ ಮೇಲ್ 50 ದಾಟಿದರೆ ನಿಮ್ಮ ಫೋನಿಗೆ ಸಂದೇಶ ಬರುವಂತೆ, ನಿಗದಿತ ಸಮಯಕ್ಕೆ ತಾನಾಗಿ ಓಡುವ ಒಂದು ಕ್ರಾನ್ ಸ್ಕ್ರಿಪ್ಟ್ ಇಡಿ. ಅಂಥ ಸಂದೇಶ ಬಂದಾಗ ಮೊದಲು ‘ಪೋಸ್ಟ್‌ಸೂಪರ್’ಗೆ ಸಣ್ಣಕ್ಷರದ ‘-ಎಚ್’ ಮತ್ತು ದೊಡ್ಡಕ್ಷರದ ‘ಆಲ್’ ಕೊಟ್ಟು ಎಲ್ಲವನ್ನೂ ತಡೆಹಿಡಿಯಿರಿ, ಲಾಗಿನಲ್ಲಿ ಯಾವ ಖಾತೆಯಿಂದ ಬರುತ್ತಿದೆ ನೋಡಿ, ಆ ಪಾಸ್‌ವರ್ಡ್ ಬದಲಿಸಿ, ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್ ಎರಡನ್ನೂ ಮರುಪ್ರಾರಂಭಿಸಿ. ಕ್ಯೂ ಅಳಿಸುವುದು ಆಮೇಲೆ. ಅವಸರದಲ್ಲಿ ಎಲ್ಲವನ್ನೂ ಅಳಿಸಿದರೆ ನಡುವೆ ಸಿಕ್ಕ ನಿಜವಾದ ಬಿಲ್ಲುಗಳೂ ಹೋಗುತ್ತವೆ.

ಬ್ಯಾಕಪ್ ಎಂದರೆ ಮೇಲ್‌ಡಿರ್‌ಗಳು, ಇಟಿಸಿ ಫೋಲ್ಡರು ಮತ್ತು ಡಿಕಿಮ್ ಖಾಸಗಿ ಕೀಲಿ; ಪ್ರತಿ ರಾತ್ರಿ ಆರ್‌ಸಿಂಕ್ ಎಂಬ ನಕಲು ಆದೇಶದಿಂದ ಬೇರೊಂದು ಜಾಗಕ್ಕೆ. ಎರಡನೇ ಎಂಎಕ್ಸ್ ಸರ್ವರ್ ಬೇಕೆಂದು ಕೆಲವರು ಹೇಳುತ್ತಾರೆ, ನಾನು ಇಟ್ಟಿಲ್ಲ. ನಿಮ್ಮ ಸರ್ವರ್ ಒಂದು ದಿನ ಮಲಗಿದರೂ ಕಳಿಸುವವರ ಸರ್ವರುಗಳು ದಿನಗಟ್ಟಲೆ ಮತ್ತೆ ಮತ್ತೆ ಪ್ರಯತ್ನಿಸುತ್ತವೆ. ಕಾವಲಿಲ್ಲದ ಎರಡನೇ ಬಾಗಿಲನ್ನು ಮೊದಲು ಕಂಡುಹಿಡಿಯುವವರು ಸ್ಪ್ಯಾಮಿಗರೇ.

ಡೊಮೈನಿನ ನವೀಕರಣದ ದಿನಾಂಕವನ್ನು ಕಚೇರಿಯ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಅದನ್ನು ನೆನಪಿಸುವ ಮೇಲ್ ಅದೇ ಡೊಮೈನಿನ ವಿಳಾಸಕ್ಕೆ ಬರುವಂತೆ ಎಂದೂ ಇಡಬೇಡಿ: ಡೊಮೈನ್ ನಿಂತ ದಿನ ಆ ವಿಳಾಸವೂ ನಿಂತಿರುತ್ತದೆ, ಕೊನೆಯ ಸೂಚನೆ ಯಾರಿಗೂ ತಲುಪುವುದಿಲ್ಲ.